ಕೆಲಸದ ಜಾಗದ ತುರ್ತು ಕಣ್ಣು ತೊಳೆಯುವ ಘಟಕ: ಹಾಕಿಸಿದ ಮೇಲೆ ನೋಡಿಕೊಳ್ಳುವುದು ಹೇಗೆ?

"ಐ ವಾಶ್ ಹಾಕಿಸಿದ್ದೇವೆ. ಇನ್ನು ಅದಕ್ಕೆ ಮಾಡುವುದೇನಿದೆ?" ಶಿವಮೊಗ್ಗ, ಭದ್ರಾವತಿ, ಸಾಗರ, ತೀರ್ಥಹಳ್ಳಿ ಕಡೆಯ ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು. ಕೇಳುವವರಲ್ಲಿ ಮಾಚೇನಹಳ್ಳಿಯ ಫೌಂಡ್ರಿಯ ಮೇಲ್ವಿಚಾರಕರಿದ್ದಾರೆ, ಕಾಲೇಜು ಪ್ರಯೋಗಾಲಯದ ಸಹಾಯಕರಿದ್ದಾರೆ, ಬ್ಯಾಟರಿ ಅಂಗಡಿಯವರಿದ್ದಾರೆ, ರಬ್ಬರ್ ಹಾಳೆ ಮಾಡುವ ತೋಟದವರೂ ಇದ್ದಾರೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ವಾರಕ್ಕೊಮ್ಮೆ ನೀರು ಬಿಟ್ಟು ನೋಡದ ಘಟಕವನ್ನು ನಂಬುವಂತಿಲ್ಲ. ತಿಂಗಳುಗಟ್ಟಲೆ ಪೈಪಿನಲ್ಲಿ ನಿಂತ ನೀರಿನಲ್ಲಿ ತುಕ್ಕು, ಕೆಸರು ಸೇರಿಕೊಳ್ಳುತ್ತವೆ. ಅಕಾಂತಅಮೀಬಾ ಎಂಬ ಏಕಕೋಶ ಜೀವಿ, ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಇವೆರಡೂ ಗಾಯಗೊಂಡ ಕಾರ್ನಿಯಾಕ್ಕೆ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರಕ್ಕೆ, ಸೋಂಕು ತಗುಲಿಸಿ ದೃಷ್ಟಿಯನ್ನೇ ತೆಗೆಯಬಲ್ಲವು. ಆಮ್ಲ ಬಿದ್ದ ಕಣ್ಣಿಗೆ ಅಂಥ ನೀರು ಹಾಕಿದರೆ ಒಂದು ಗಾಯಕ್ಕೆ ಇನ್ನೊಂದು ಸೇರಿದ ಹಾಗೆ.

ಮಲೆನಾಡಿನಲ್ಲಿ ಇದಕ್ಕೆ ಇನ್ನಷ್ಟು ಮಹತ್ವವಿದೆ. ತೀರ್ಥಹಳ್ಳಿಯಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಸುಮಾರು 60 ಕಿಲೋಮೀಟರ್. ಮಳೆಗಾಲದಲ್ಲಿ ಆ ದಾರಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದು ನಿಮಗೇ ಗೊತ್ತು. ಕಣ್ಣು ಉಳಿಯುವುದು ಬಹುಪಾಲು ಮೊದಲ ಕೆಲವು ನಿಮಿಷಗಳಲ್ಲಿ, ಎರಡೂ ಕಣ್ಣಿಗೆ ನೀರು ಚಿಮ್ಮಿಸುವ, ನಿಮ್ಮ ಗೋಡೆಯ ಮೇಲಿನ ಆ ಐ ವಾಶ್ ಬೋಗುಣಿಯಲ್ಲಿ.

ಯಾರಿಗೆ ಬೇಕು?

ಕಣ್ಣು ಸುಡುವ ಯಾವುದೇ ದ್ರವ ಅಥವಾ ಪುಡಿ ಬಳಸುವ ಜಾಗಕ್ಕೆಲ್ಲ ಬೇಕು. ನಮ್ಮ ಕಡೆ ಹೆಚ್ಚಾಗಿ ಕಾಣುವವು ಇವು: ಬ್ಯಾಟರಿಯ ಸಲ್ಫ್ಯೂರಿಕ್ ಆಮ್ಲ, ಫೌಂಡ್ರಿಯಲ್ಲಿ ಮರಳಿನ ಅಚ್ಚಿಗೆ ಬೆರೆಸುವ ಸೋಡಿಯಂ ಸಿಲಿಕೇಟ್ ಮತ್ತು ರೆಸಿನ್ ಗಟ್ಟಿಗೊಳಿಸುವ ಆಮ್ಲದ ಹಾರ್ಡನರ್, ಹಾಲಿನ ಘಟಕಗಳಲ್ಲಿ ಪೈಪು ತೊಳೆಯುವ ಕಾಸ್ಟಿಕ್ ಸೋಡಾ ಮತ್ತು ನೈಟ್ರಿಕ್ ಆಮ್ಲ, ಶೀತಲಗೃಹ ಮತ್ತು ಐಸ್ ಕಾರ್ಖಾನೆಯ ಅಮೋನಿಯಾ, ರಬ್ಬರ್ ಹಾಲು ಹೆಪ್ಪುಗಟ್ಟಿಸುವ ಫಾರ್ಮಿಕ್ ಆಮ್ಲ, ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವಾಗಿನ ಸುಣ್ಣ ಮತ್ತು ಮೈಲುತುತ್ತ.

ಸುಣ್ಣವನ್ನು ಹಗುರವಾಗಿ ನೋಡುವವರೇ ಹೆಚ್ಚು. ಆಮ್ಲ ಬಿದ್ದಾಗ ಕಣ್ಣಿನ ಮೇಲ್ಪದರದ ಪ್ರೋಟೀನು ಹೆಪ್ಪುಗಟ್ಟಿ, ಆಮ್ಲ ಇನ್ನೂ ಒಳಗಿಳಿಯದಂತೆ ಒಂದಿಷ್ಟು ತಡೆಯುತ್ತದೆ. ಕ್ಷಾರಕ್ಕೆ ಆ ತಡೆ ಇಲ್ಲ. ಸುಣ್ಣ, ಕಾಸ್ಟಿಕ್ ಸೋಡಾ, ಅಮೋನಿಯಾ ಜೀವಕೋಶಗಳ ಕೊಬ್ಬನ್ನು ಕರಗಿಸುತ್ತಾ ಆಳಕ್ಕೆ ಇಳಿಯುತ್ತಲೇ ಹೋಗುತ್ತವೆ. ಸುಣ್ಣದ ಹರಳು ರೆಪ್ಪೆಯ ಮಡಿಕೆಯಲ್ಲಿ ಉಳಿದರೆ ಗಂಟೆಗಟ್ಟಲೆ ಸುಡುತ್ತದೆ.

ಕೈಯಲ್ಲಿ ಇರಬೇಕಾದವು

ಲೀಟರ್ ಗುರುತಿರುವ ಬಿಳಿ ಬಕೆಟ್ (ಬಣ್ಣದ್ದಾದರೆ ನೀರಿನ ಕೆಂಪು ಕಾಣುವುದಿಲ್ಲ), ಸೆಕೆಂಡು ತೋರಿಸುವ ಗಡಿಯಾರ ಅಥವಾ ಫೋನು, 0ರಿಂದ 50 ಡಿಗ್ರಿಯ ಥರ್ಮಾಮೀಟರ್, ಅಳತೆ ಟೇಪು, ಹಳೆಯ ಟೂತ್‌ಬ್ರಶ್, ಮೃದುವಾದ ಬಟ್ಟೆ, ಸೌಮ್ಯವಾದ ಪಾತ್ರೆ ತೊಳೆಯುವ ಸೋಪಿನ ದ್ರಾವಣ, ಟೆಫ್ಲಾನ್ ಟೇಪು, ಪ್ಲಾಸ್ಟಿಕ್ ಕೇಬಲ್ ಟೈ. ಬಿಡಿಭಾಗಗಳಲ್ಲಿ ನಾಝಲ್‌ಗಳ ಬಾಯಿಗೆ ಹಾಕುವ ಎರಡು ಜೊತೆ ಧೂಳುಮುಚ್ಚಳ, ನಾಝಲ್‌ನ ಎರಡು ಜಾಲರಿ, ವಾಲ್ವಿಗೆ ಹೊಂದುವ ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಉಂಗುರ) ಯಾವಾಗಲೂ ದಾಸ್ತಾನು ಇರಲಿ. ಇವು ಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಸುಲಭವಾಗಿ ಸಿಗುವುದಿಲ್ಲ. ಬೇಕಾದಾಗ ತರಿಸಲು ಹೊರಟರೆ ಅಷ್ಟು ದಿನ ಘಟಕ ಬಾಯಿ ತೆರೆದೇ ಇರುತ್ತದೆ.

ಕೆಳಗೆ ಬರುವ ಅಳತೆಗಳು ಅಮೆರಿಕದ ಎಎನ್‌ಎಸ್‌ಐ ಝಡ್358.1 ಮಾನಕದ 2014ರ ಆವೃತ್ತಿಯವು. ಭಾರತೀಯ ಮಾನಕವೂ ಇದೆ, ಐಎಸ್ 10592. ಆದರೆ ಇಲ್ಲಿ ಮಾರಾಟವಾಗುವ ಬಹುತೇಕ ಘಟಕಗಳ ಕೈಪಿಡಿಯಲ್ಲಿ ಎಎನ್‌ಎಸ್‌ಐ ಅಳತೆಗಳೇ ಇರುವುದರಿಂದ ಅವನ್ನೇ ಹಿಡಿದಿದ್ದೇವೆ.

ಹಂತ 1: ಜಾಗ ಸರಿ ಇದೆಯೇ ನೋಡಿ

ರಾಸಾಯನಿಕ ಬಳಸುವ ಜಾಗದಿಂದ ಘಟಕಕ್ಕೆ 10 ಸೆಕೆಂಡಿನಲ್ಲಿ ತಲುಪಬೇಕು. ನಡಿಗೆಯ ಲೆಕ್ಕದಲ್ಲಿ ಅದು ಸುಮಾರು 16 ಮೀಟರ್. ಮೆಟ್ಟಿಲು, ಇಳಿಜಾರು, ಮುಚ್ಚಿದ ಬಾಗಿಲು ನಡುವೆ ಇರಕೂಡದು. ಗಟ್ಟಿ ಆಮ್ಲ, ಗಟ್ಟಿ ಕ್ಷಾರ ಬಳಸುವಲ್ಲಿ ಘಟಕ ಪಕ್ಕದಲ್ಲೇ ಇರಬೇಕು. ನೀರು ಚಿಮ್ಮುವ ನಾಝಲ್‌ನಿಂದ ನೆಲಕ್ಕೆ 84ರಿಂದ 135 ಸೆಂಟಿಮೀಟರ್, ಗೋಡೆಯಿಂದ ಕನಿಷ್ಠ 15 ಸೆಂಟಿಮೀಟರ್ ಅಂತರ ಇರಲಿ. ಹತ್ತಿರದಲ್ಲಿ ಸ್ವಿಚ್‌ಬೋರ್ಡ್ ಇರಬಾರದು.

ಜಾಗ ಒಮ್ಮೆ ಸರಿ ಮಾಡಿದರೆ ಮುಗಿಯಿತು ಅಂದುಕೊಳ್ಳಬೇಡಿ. ಘಟಕದ ಮುಂದಿನ ಖಾಲಿ ಜಾಗ ಖಾಲಿಯಾಗಿ ಉಳಿಯುವುದೇ ಇಲ್ಲ. ಚೀಲ, ಡ್ರಮ್ಮು, ಸೈಕಲ್ಲು, ಮಳೆಗಾಲದಲ್ಲಿ ಒಣಗಲು ಹಾಕಿದ ರೇನ್‌ಕೋಟು ಒಂದೊಂದಾಗಿ ಅಲ್ಲಿಗೆ ಬಂದು ಸೇರುತ್ತವೆ. ನೆಲಕ್ಕೆ ಹಳದಿ ಗೆರೆ ಎಳೆಸಿ. ಗೆರೆಯೊಳಗೆ ಏನಿಟ್ಟರೂ ಆ ಕ್ಷಣವೇ ತೆಗೆಸುವ ಅಧಿಕಾರವನ್ನು ಆ ಪಾಳಿಯ ಒಬ್ಬರಿಗೆ ಹೆಸರು ಹೇಳಿ ಕೊಡಿ.

ಹಂತ 2: ನೀರು ಎಲ್ಲಿಂದ, ಎಷ್ಟು, ಯಾವ ಒತ್ತಡದಲ್ಲಿ?

ನಮ್ಮ ಕಡೆಯ ಘಟಕಗಳು ಹೆಚ್ಚಾಗಿ ಸೋಲುವುದು ಇಲ್ಲಿ. ಹಾಗಾಗಿ ಇದನ್ನು ನಿಧಾನವಾಗಿ ಓದಿ.

ಮೊದಲು ಪ್ರಮಾಣ. ಕಣ್ಣು ಮಾತ್ರ ತೊಳೆಯುವ ಘಟಕಕ್ಕೆ ನಿಮಿಷಕ್ಕೆ ಕನಿಷ್ಠ 1.5 ಲೀಟರ್ ಬೇಕು. ಕಣ್ಣು ಮತ್ತು ಮುಖ ಎರಡನ್ನೂ ತೊಳೆಯುವ ಘಟಕಕ್ಕೆ 11.4 ಲೀಟರ್, ಮೈಮೇಲೆ ಸುರಿಯುವ ತುರ್ತು ಶವರಿಗೆ 75.7 ಲೀಟರ್. ಪ್ರತಿಯೊಂದೂ ಎಡೆಬಿಡದೆ 15 ನಿಮಿಷ ಹರಿಯಬೇಕು. ಲೆಕ್ಕ ಹಾಕಿದರೆ ಮೊದಲನೆಯದಕ್ಕೆ 22.5 ಲೀಟರ್, ಎರಡನೆಯದಕ್ಕೆ 171 ಲೀಟರ್, ಶವರಿಗೆ ಸುಮಾರು 1,136 ಲೀಟರ್. ಶವರೂ ಮುಖ ತೊಳೆಯುವ ಘಟಕವೂ ಸೇರಿದ ಜೋಡಿ ಘಟಕಕ್ಕೆ ಸಾವಿರ ಲೀಟರಿನ ಸಿಂಟೆಕ್ಸ್ ಟ್ಯಾಂಕು ತುಂಬಿದ್ದರೂ ಸಾಲದು. 1,500 ಲೀಟರಿನ ಪ್ರತ್ಯೇಕ ಟ್ಯಾಂಕು ಬೇಕು. ಕ್ಯಾಂಟೀನು, ಶೌಚಾಲಯಕ್ಕೂ ಅದೇ ಟ್ಯಾಂಕಿನ ನೀರು ಹೋಗುತ್ತಿದ್ದರೆ, ಆ ಪೈಪುಗಳನ್ನು ಟ್ಯಾಂಕಿನ ಮೇಲ್ಭಾಗದಿಂದ ತೆಗೆಸಿ, ಘಟಕದ ಪೈಪನ್ನು ಕೆಳಗಿನಿಂದ ತೆಗೆಸಿ. ಆಗ ಉಳಿದವರು ಎಷ್ಟೇ ಬಳಸಿದರೂ ಘಟಕದ ಪಾಲು ಟ್ಯಾಂಕಿನಲ್ಲಿ ಉಳಿಯುತ್ತದೆ. ಆದರೆ ತೀರಾ ತಳಕ್ಕೆ ಕೊಡಬೇಡಿ, ಕೆಸರು ಬರುತ್ತದೆ. ತಳದಿಂದ ಒಂದು ಗೇಣು ಮೇಲಿರಲಿ. ಆ ಒಂದು ಗೇಣಿನ ನೀರನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಮುಂದಿನದು ಒತ್ತಡ. ಪೈಪಿಗೆ ಜೋಡಿಸುವ ಬಹುತೇಕ ಘಟಕಗಳನ್ನು ಸುಮಾರು 2 ಬಾರ್ ಒತ್ತಡಕ್ಕೆ ಹೊಂದಿಸಿ ಮಾಡಿರುತ್ತಾರೆ. ಟ್ಯಾಂಕು ನಾಝಲ್‌ಗಿಂತ 1 ಮೀಟರ್ ಮೇಲಿದ್ದರೆ ಸಿಗುವುದು ಬರೀ 0.1 ಬಾರ್. ಹೆಂಚಿನ ಅಥವಾ ತಗಡಿನ ಶೆಡ್ಡಿನ ಪಕ್ಕದ ಸ್ಟ್ಯಾಂಡಿನ ಮೇಲೆ, ನಾಝಲ್‌ಗಿಂತ 4 ಮೀಟರ್ ಎತ್ತರದಲ್ಲಿ ಟ್ಯಾಂಕು ಇಟ್ಟರೆ 0.4 ಬಾರ್. ಪೈಪಿನ ತಿರುವುಗಳಲ್ಲಿ ಅದರಲ್ಲೂ ಒಂದಿಷ್ಟು ಸೋರಿಹೋಗುತ್ತದೆ. ಇಷ್ಟು ಒತ್ತಡಕ್ಕೆ ನೀರು ನಾಝಲ್ ಬಾಯಿಂದ ಉಕ್ಕಿ ಕೆಳಗೆ ಸುರಿಯುತ್ತದೆಯೇ ಹೊರತು ಕಣ್ಣಿಗೆ ಮುಟ್ಟುವುದಿಲ್ಲ. ಧೂಳುಮುಚ್ಚಳವೂ ತಾನಾಗಿ ಹಾರುವುದಿಲ್ಲ.

ಇದಕ್ಕೆ ಬೂಸ್ಟರ್ ಪಂಪು ಹಾಕಿಸುವುದು ರೂಢಿ. ಆದರೆ ಮಲೆನಾಡಿನ ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋಗುವುದು ದಿನದ ಮಾತು. ಕರೆಂಟು ಹೋದಾಗ ಪಂಪೂ ನಿಲ್ಲುತ್ತದೆ. ಪಂಪಿನ ಜೊತೆಗಿರುವ ಒತ್ತಡದ ಟ್ಯಾಂಕನ್ನು ನಂಬಿ ಕೂರಬೇಡಿ. 100 ಲೀಟರಿನ ಟ್ಯಾಂಕಾದರೂ ಕರೆಂಟಿಲ್ಲದೆ ಅದರಿಂದ ಹೊರಬರುವುದು ಸಾಮಾನ್ಯವಾಗಿ ಮೂರನೇ ಒಂದು ಪಾಲು. ಪಂಪಿಗೆ ತಾನಾಗಿ ಚಾಲೂ ಆಗುವ ಜನರೇಟರ್ ಅಥವಾ ಇನ್ವರ್ಟರ್ ಸಂಪರ್ಕ ಇಲ್ಲವಾದರೆ, ಚಿಕ್ಕ ಕಾರ್ಖಾನೆ, ಅಂಗಡಿಗಳಿಗೆ ನಮ್ಮ ಸಲಹೆ ನೇರ: ಪೈಪಿನ ಗೊಡವೆಯೇ ಬೇಡ. ನೀರನ್ನು ತನ್ನೊಳಗೇ ಇಟ್ಟುಕೊಂಡು, ತಟ್ಟೆ ಎಳೆದೊಡನೆ ಗುರುತ್ವದ ಬಲದಿಂದ ಹರಿಸುವ ಸ್ವಯಂಪೂರ್ಣ ಘಟಕ ತೆಗೆದುಕೊಳ್ಳಿ. ಸುಮಾರು 60 ಲೀಟರಿನವು ಸಿಗುತ್ತವೆ. ಅದಕ್ಕೆ ಕರೆಂಟೂ ಬೇಡ, ಒತ್ತಡವೂ ಬೇಡ. ಅದರ ನಿರ್ವಹಣೆ ಹಂತ 5ರಲ್ಲಿದೆ.

ಇನ್ನು ಗುಣ. ಕುಡಿಯಲು ಯೋಗ್ಯವಾದ ನೀರೇ ಬೇಕು. ಎರಕದ ಮನೆಯಲ್ಲಿ ತಣಿಸಲು ಬಳಸುವ ನೀರು, ಕೆರೆಯ ನೀರು, ಮರುಬಳಕೆಯ ನೀರು ಸಲ್ಲದು. ಬೋರ್‌ವೆಲ್ ನೀರಿನಲ್ಲಿ ಕಬ್ಬಿಣ ಹೆಚ್ಚಿದ್ದರೆ ಬಿಳಿ ಬಕೆಟಿನಲ್ಲಿ ಹಿಡಿದಿಟ್ಟ ಒಂದೆರಡು ಗಂಟೆಯಲ್ಲಿ ಕೆಂಪಗಾಗುತ್ತದೆ. ಅಂಥ ನೀರು ನಾಝಲ್ ಜಾಲರಿಯನ್ನು ಕಿತ್ತಳೆ ಬಣ್ಣದ ಲೋಳೆಯಿಂದ ಕಟ್ಟುತ್ತದೆ. ಕಬ್ಬಿಣ ತೆಗೆಯುವ ಫಿಲ್ಟರ್ ಹಾಕಿಸಿ, ಇಲ್ಲವೇ ನೀರಿನ ಮೂಲ ಬದಲಿಸಿ.

ಕೊನೆಗೆ ಉಷ್ಣತೆ. 16ರಿಂದ 38 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು. ಅದಕ್ಕಿಂತ ತಣ್ಣಗಿದ್ದರೆ ಮನುಷ್ಯ 15 ನಿಮಿಷ ಕಣ್ಣು ಬಿಟ್ಟು ನಿಲ್ಲಲಾರ. ಬಿಸಿಯಾದರೆ ಕಾರ್ನಿಯಾಕ್ಕೆ ನೇರ ಹಾನಿ, ರಾಸಾಯನಿಕದ ಕ್ರಿಯೆಯೂ ಚುರುಕಾಗುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಶಿವಮೊಗ್ಗದಲ್ಲಿ ತಗಡಿನ ಮಾಡಿನ ಮೇಲೆ ಹಾದ ಜಿಐ ಪೈಪಿನ ನೀರು ಕೈ ಇಡಲಾರದಷ್ಟು ಕಾಯುತ್ತದೆ. ಪೈಪನ್ನು ಮಾಡಿನ ಮೇಲಿಂದ ತೆಗೆದು ನೆಲದಲ್ಲಿ ಒಂದೂವರೆ ಅಡಿ ಆಳಕ್ಕೆ ಹೂಳಿಸಿ, ಹೊರಗೆ ಕಾಣುವ ಭಾಗಕ್ಕೆ ಫೋಮ್ ಕೊಳವೆ ಸುತ್ತಿಸಿ, ಟ್ಯಾಂಕಿಗೆ ನೆರಳು ಮಾಡಿಸಿ. ಡಿಸೆಂಬರ್, ಜನವರಿಯ ಬೆಳಗಿನ ಪಾಳಿಯಲ್ಲಿ ಇದಕ್ಕೆ ತಿರುಗಾಮುರುಗಾ ಸಮಸ್ಯೆ. ಆಗಲೂ ಹೂಳಿದ ಪೈಪು, ಫೋಮ್ ಹೊದಿಕೆಯೇ ಕಾಪಾಡುವುದು.

ಹಂತ 3: ವಾರದ ಪರೀಕ್ಷೆ

ವಾರದಲ್ಲಿ ಒಂದು ದಿನ, ಒಂದು ಹೊತ್ತು ಗೊತ್ತು ಮಾಡಿಕೊಳ್ಳಿ. ಸೋಮವಾರ ಬೆಳಗ್ಗೆ ಒಳ್ಳೆಯದು, ಏಕೆಂದರೆ ಭಾನುವಾರ ನಿಂತ ನೀರು ಆಗಲೇ ಹೊರಹೋಗುತ್ತದೆ. ಆದರೆ ತಿಂಗಳಿಗೊಮ್ಮೆಯಾದರೂ ಎಲ್ಲರೂ ಕೈತೊಳೆಯುವ ಊಟದ ಹೊತ್ತಿನಲ್ಲಿ ಮಾಡಿ. ಒತ್ತಡ ಅತಿ ಕಡಿಮೆ ಇರುವ ಹೊತ್ತಿನಲ್ಲಿ ಘಟಕ ಹೇಗೆ ನಡೆಯುತ್ತದೆ ಎಂದು ತಿಳಿಯಬೇಕಾದ್ದೇ ಮುಖ್ಯ.

ಮುಚ್ಚಳ ತೆಗೆಯದೆ ಶುರುಮಾಡಿ. ವಾಲ್ವು ತೆರೆಯುವ ತಳ್ಳುಹಲಗೆಯನ್ನು ಒಂದೇ ಕೈಯಿಂದ ತಳ್ಳಿ. ಒಂದು ಸೆಕೆಂಡಿನೊಳಗೆ ವಾಲ್ವು ಪೂರ್ತಿ ತೆರೆದು, ಮುಚ್ಚಳಗಳು ನೀರಿನ ಬಲಕ್ಕೇ ಹಾರಿಬೀಳಬೇಕು. ಕೈ ಬಿಡಿ. ನೀರು ಹರಿಯುತ್ತಲೇ ಇರಬೇಕು. ಗಾಯಗೊಂಡವರಿಗೆ ಎರಡೂ ಕೈ ರೆಪ್ಪೆ ಅಗಲಿಸಲು ಬೇಕು. ಹಾಗಾಗಿ ಹಿಡಿದುಕೊಂಡೇ ಇರಬೇಕಾದ ವಾಲ್ವು ಇಲ್ಲಿ ಪ್ರಯೋಜನವಿಲ್ಲ.

ಈಗ ಎರಡು ಧಾರೆಗಳನ್ನು ನೋಡಿ. ಎತ್ತರ ಸಮ ಇರಬೇಕು, ಮೆತ್ತಗೆ ಬಾಗಿ ನಡುವೆ ಕೂಡಬೇಕು, ಗಾಳಿಗುಳ್ಳೆಯ ಜೊತೆ ಸಿಡಿಯಬಾರದು. ಅಂಗೈ ಹಿಡಿದು ನೋಡಿ. ಚುಚ್ಚಿದಂತಾದರೆ ಒತ್ತಡ ಹೆಚ್ಚಾಗಿದೆ, ಹರಿವು ನಿಯಂತ್ರಕವನ್ನು ತಗ್ಗಿಸಬೇಕು. ಬಕೆಟಿನಲ್ಲಿ ಹಿಡಿದ ಮೊದಲ ನೀರು ಕೆಂಪಗೋ ಕಪ್ಪಗೋ ಇದ್ದರೆ ತಿಳಿಯಾಗುವವರೆಗೆ ಬಿಡಿ.

ಎಷ್ಟು ಹೊತ್ತು ಬಿಡಬೇಕು ಎಂಬುದಕ್ಕೆ ಎಲ್ಲರಿಗೂ ಒಂದೇ ಉತ್ತರವಿಲ್ಲ. ನಿಮ್ಮ ಪೈಪಿನ ಲೆಕ್ಕ ಮಾಡಿಕೊಳ್ಳಿ. ಮುಖ್ಯ ಲೈನಿನಿಂದ ಘಟಕಕ್ಕೆ ಬರುವ ಕವಲು ಪೈಪಿನಲ್ಲಿ ನಿಂತಿರುವ ನೀರು ಪೂರ್ತಿ ಹೊರಹೋಗಬೇಕು. ಅರ್ಧ ಇಂಚಿನ ಪೈಪು ಮೀಟರಿಗೆ ಸುಮಾರು 0.2 ಲೀಟರ್ ಹಿಡಿಯುತ್ತದೆ, ಒಂದು ಇಂಚಿನದು ಅರ್ಧ ಲೀಟರಿಗಿಂತ ತುಸು ಹೆಚ್ಚು. 30 ಮೀಟರ್ ಉದ್ದದ ಒಂದಿಂಚಿನ ಪೈಪಾದರೆ ಸುಮಾರು 17 ಲೀಟರ್. ಮುಖ ತೊಳೆಯುವ ಘಟಕವಾದರೆ ಇದು ಒಂದೂವರೆ ನಿಮಿಷದಲ್ಲಿ ಹೋಗುತ್ತದೆ, ಎರಡು ಮೂರು ನಿಮಿಷ ಬಿಟ್ಟರೆ ಸಾಕು. ಅದೇ ಪೈಪಿಗೆ ನಿಮಿಷಕ್ಕೆ 1.5 ಲೀಟರಿನ ಚಿಕ್ಕ ಘಟಕ ಜೋಡಿಸಿದ್ದರೆ 11 ನಿಮಿಷಕ್ಕೂ ಮೇಲೆ ಬೇಕು! ಅಷ್ಟು ಹೊತ್ತು ಯಾರೂ ನಿಲ್ಲುವುದಿಲ್ಲ, ಎರಡೇ ನಿಮಿಷಕ್ಕೆ ಮುಚ್ಚಿ ಚೀಟಿಗೆ ಸಹಿ ಹಾಕುತ್ತಾರೆ. ಇದಕ್ಕೆ ಸುಲಭದ ದಾರಿ ಇದೆ: ಆ ಕವಲಿನ ತುದಿಯಲ್ಲಿ, ಘಟಕವನ್ನು ದಾಟಿ, ದಿನಾ ಬಳಸುವ ಕೈತೊಳೆಯುವ ನಲ್ಲಿ ಕೊಡಿಸಿ. ಜನ ಕೈ ತೊಳೆದಾಗಲೆಲ್ಲ ಪೈಪಿನ ನೀರು ತಾನಾಗಿ ಹೊಸದಾಗುತ್ತದೆ. ಹೊಸದಾಗಿ ಪೈಪು ಎಳೆಸುವವರು ಇದನ್ನು ಮರೆಯಬೇಡಿ. ವಾರದ ಪರೀಕ್ಷೆ ಮಾತ್ರ ಆಗಲೂ ಬಿಡುವಂತಿಲ್ಲ.

ಮುಚ್ಚಿದ ಮೇಲೆ ಬೋಗುಣಿಯಲ್ಲಿ ನೀರು ನಿಲ್ಲಕೂಡದು, ನಾಝಲ್ ತೊಟ್ಟಿಕ್ಕಕೂಡದು. ಮುಚ್ಚಳಗಳನ್ನು ಒರೆಸಿ ಕೂರಿಸಿ. ಇಲ್ಲಿ ಒಂದು ವಿಷಯ ಒತ್ತಿ ಹೇಳಬೇಕು. ಮುಚ್ಚಳ ಕಳೆದುಹೋದ ನಾಝಲ್ ನಮ್ಮ ಕಡೆ ಕುಂಬಾರ ಹುಳಕ್ಕೆ ಹೇಳಿ ಮಾಡಿಸಿದ ಮನೆ. ಒಳಗೆ ಮಣ್ಣು ಮೆತ್ತಿ ಗೂಡು ಕಟ್ಟಿದರೆ ಹೊರಗಿನಿಂದ ಕಾಣುವುದೂ ಇಲ್ಲ. ನೀರು ಬಿಟ್ಟಾಗ ಒಂದು ಕಡೆ ಧಾರೆಯೇ ಬರುವುದಿಲ್ಲ, ಇಲ್ಲವೇ ಮಣ್ಣಿನ ಹೆಂಟೆ ನೇರ ಕಣ್ಣಿಗೆ ಹಾರುತ್ತದೆ. ಪಾಲಿಥೀನ್ ಚೀಲ, ಟೇಪು, ಬಟ್ಟೆ ಸುತ್ತಿ ಇದಕ್ಕೆ ಪರಿಹಾರ ಮಾಡುವವರಿದ್ದಾರೆ. ದಯವಿಟ್ಟು ಬೇಡ. ಕಣ್ಣು ಕಾಣದವರು ಗಂಟು ಬಿಚ್ಚುವುದು ಹೇಗೆ?

ಕೊನೆಯದಾಗಿ ಘಟಕದ ಹಿಂದಿನ ಗೇಟ್ ವಾಲ್ವು, ಅಂದರೆ ಘಟಕಕ್ಕೆ ಬರುವ ನೀರನ್ನು ತೆರೆದು ಮುಚ್ಚುವ ವಾಲ್ವು, ನೋಡಿ. ಅದು ಪೂರ್ತಿ ತೆರೆದಿರಬೇಕು. ತೆರೆದ ಸ್ಥಿತಿಯಲ್ಲೇ ಕೇಬಲ್ ಟೈ ಹಾಕಿ ಬಿಗಿದಿಡಿ, "ಮುಚ್ಚಬಾರದು" ಎಂಬ ಚೀಟಿ ತೂಗುಹಾಕಿ.

ಪರೀಕ್ಷೆಯಲ್ಲಿ ಕಾಣುವ ದೋಷಗಳಿಗೆ ಕಾರಣ ಹೀಗೆ ಹುಡುಕಿ. ಒಂದೇ ಧಾರೆ ತಗ್ಗಿದ್ದರೆ ಆ ನಾಝಲ್‌ನ ಜಾಲರಿ ಕಟ್ಟಿದೆ. ಎರಡೂ ತಗ್ಗಿದ್ದರೆ ಪೈಪಿನ ವೈ-ಸ್ಟ್ರೈನರ್, ಅಂದರೆ ಕಸ ತಡೆಯುವ ಬಲೆ, ಕಟ್ಟಿರಬಹುದು, ಅಥವಾ ಗೇಟ್ ವಾಲ್ವು ಅರ್ಧ ಮುಚ್ಚಿರಬಹುದು. ಹಲಗೆ ತಳ್ಳಿದರೂ ನೀರು ಬರದಿದ್ದರೆ ಹಿಡಿಯ ಸ್ಕ್ರೂ ಸಡಿಲಾಗಿ ಹಲಗೆ ಮಾತ್ರ ತಿರುಗುತ್ತಿರುತ್ತದೆ. ತೊಟ್ಟಿಕ್ಕುವುದು ನಿಲ್ಲದಿದ್ದರೆ ಬಾಲ್ ವಾಲ್ವಿನ ಒಳಗಿನ ಟೆಫ್ಲಾನ್ ಸೀಟಿಗೆ ಮರಳು ಗೀರಿದೆ, ಸೀಟು ಅಥವಾ ವಾಲ್ವನ್ನೇ ಬದಲಿಸಬೇಕು. ಈ ಕೊನೆಯದನ್ನು ಮುಂದೂಡಬೇಡಿ. ತೊಟ್ಟಿಕ್ಕುವ ಘಟಕವನ್ನು ಕಂಡು ಬೇಸತ್ತ ಯಾರಾದರೂ ಹಿಂದಿನ ಗೇಟ್ ವಾಲ್ವು ಮುಚ್ಚಿಯೇ ಮುಚ್ಚುತ್ತಾರೆ. ಹೊರಗೆ ಎಲ್ಲವೂ ಸರಿಯಾಗಿ ಕಾಣುತ್ತಲೇ ಘಟಕ ಸತ್ತಿರುತ್ತದೆ.

ಹಂತ 4: ತಿಂಗಳ ಶುಚಿ

ಬೋಗುಣಿ, ನಾಝಲ್, ಮುಚ್ಚಳಗಳನ್ನು ಸೋಪಿನ ದ್ರಾವಣದಲ್ಲಿ ತೊಳೆದು, ಸೋಪಿನ ಜಾರುವಿಕೆ ಹೋಗುವವರೆಗೆ ನೀರು ಹಾಯಿಸಿ. ಜಾಲರಿ ಬಿಚ್ಚಿ ಟೂತ್‌ಬ್ರಶ್‌ನಿಂದ ಉಜ್ಜಿ. ಬೋರ್‌ವೆಲ್ ನೀರಿನ ಬಿಳಿ ಉಪ್ಪು ಕಟ್ಟಿದ್ದರೆ ಜಾಲರಿಯನ್ನು ಮಾತ್ರ ಹೊರತೆಗೆದು ವಿನೆಗರ್‌ನಲ್ಲಿ ಅರ್ಧ ಗಂಟೆ ನೆನೆಸಿ ಚೆನ್ನಾಗಿ ತೊಳೆಯಿರಿ. ಶೌಚಾಲಯ ತೊಳೆಯುವ ಆಮ್ಲ, ಫಿನಾಯಿಲು, ಬ್ಲೀಚಿಂಗ್ ದ್ರಾವಣ ಬೋಗುಣಿಯ ಹತ್ತಿರ ಸುಳಿಯಬಾರದು. ಹೌಸ್‌ಕೀಪಿಂಗ್‌ನವರಿಗೆ ಇದನ್ನು ಬಿಡಿಸಿ ಹೇಳಿ, ಅವರು ಸಿಂಕೆಂದುಕೊಂಡು ತೊಳೆಯುತ್ತಾರೆ.

ಹಂತ 5: ಸ್ವಯಂಪೂರ್ಣ ಘಟಕ ಮತ್ತು ಬಾಟಲಿ

ಪೈಪಿಲ್ಲದ ಘಟಕದಲ್ಲಿ ನೀರು ಬಿಟ್ಟು ನೋಡಿದರೆ ಟ್ಯಾಂಕು ಖಾಲಿಯಾಗುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಕಣ್ಣಳತೆಯ ಪರೀಕ್ಷೆ: ನೀರಿನ ಮಟ್ಟ ಗೆರೆಗೆ ಇದೆಯೇ, ಸೋರಿಕೆ ಇದೆಯೇ, ತಟ್ಟೆ ಸುಲಭವಾಗಿ ಇಳಿಯುವಂತಿದೆಯೇ, ತುಂಬಿಸಿದ ದಿನಾಂಕ ಬರೆದಿದೆಯೇ.

ನೀರು ಬದಲಿಸುವ ಅವಧಿ ಏನು ತುಂಬಿಸಿದ್ದೀರಿ ಎಂಬುದರ ಮೇಲೆ ಹೋಗುತ್ತದೆ. ಬರಿಯ ಕುಡಿಯುವ ನೀರಾದರೆ, ಕೈಪಿಡಿ ಬೇರೆ ಹೇಳದ ಹೊರತು, ವಾರಕ್ಕೊಮ್ಮೆ. ತಯಾರಕರೇ ಕೊಡುವ ಸಂರಕ್ಷಕ ದ್ರಾವಣ ಬೆರೆಸಿದ್ದರೆ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು. ಸಂರಕ್ಷಕದ ಬದಲು ಮನೆಯ ಬ್ಲೀಚ್ ಅಥವಾ ಬ್ಲೀಚಿಂಗ್ ಪೌಡರ್ ಹಾಕಿಡುವುದು ಅಪಾಯ. ನೀರು ಬದಲಿಸುವಾಗ ಹಳೆಯದನ್ನು ಸುಮ್ಮನೆ ಚೆಲ್ಲಬೇಡಿ. ತಟ್ಟೆ ಎಳೆದು ಪೂರ್ತಿ ಹರಿಯಲು ಬಿಟ್ಟು ಗಡಿಯಾರ ನೋಡಿ. 15 ನಿಮಿಷ ಬಾರದಿದ್ದರೆ ಘಟಕ ದುರಸ್ತಿಗೆ ಹೋಗಬೇಕು.

"ಬಾಟಲಿ ಸಾಕಲ್ಲವೇ?" ಸಾಲದು. 500 ಮಿಲಿಲೀಟರಿನ ಬಾಟಲಿ ಕೆಲವೇ ಕ್ಷಣಗಳಲ್ಲಿ ಮುಗಿಯುತ್ತದೆ, ಎರಡು ಕಣ್ಣಿಗೆ ಒಟ್ಟಿಗೆ ಹಾಕಲೂ ಬರುವುದಿಲ್ಲ. ಘಟಕಕ್ಕೆ ಕರೆದೊಯ್ಯುವವರೆಗೆ, ಅಥವಾ ಆಂಬುಲೆನ್ಸಿನಲ್ಲಿ ತೊಳೆಯುತ್ತಾ ಹೋಗಲು ಅದು ಉಪಯುಕ್ತ. ಅವಧಿ ಮುಗಿಯುವ ದಿನಾಂಕ ನೋಡಿ. ಸೀಲು ಒಡೆದ ಬಾಟಲಿ ಒಂದೇ ಬಳಕೆಗೆ, ಮಿಕ್ಕಿದ್ದನ್ನು ಎತ್ತಿಡಬೇಡಿ.

ತೋಟದಲ್ಲಿ ಬೋರ್ಡೋ ಕದಡುವ ಜಾಗಕ್ಕೆ, ರಬ್ಬರ್ ಶೆಡ್ಡಿಗೆ ಮಾನಕದ ಘಟಕ ತರಿಸುವುದು ಎಲ್ಲರಿಗೂ ಆಗುವ ಮಾತಲ್ಲ. ಶೇಕಡ 1ರ ಬೋರ್ಡೋಗೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ ಹೋಗುತ್ತದೆ. ಸುಟ್ಟ ಸುಣ್ಣಕ್ಕೆ ನೀರು ಹಾಕಿದಾಗ ಕುದಿದು ಸಿಡಿಯುವ ಹೊತ್ತೇ ಹೆಚ್ಚು ಅಪಾಯದ್ದು. ಅಲ್ಲಿ ಕನಿಷ್ಠ ಇಷ್ಟಾದರೂ ಮಾಡಿ: ನಲ್ಲಿ ಇರುವ 30 ಲೀಟರಿನ ಸ್ವಚ್ಛ ಕ್ಯಾನಿಗೆ ಅಂದೇ ತುಂಬಿದ ಕುಡಿಯುವ ನೀರು, ನಲ್ಲಿಗೆ ಒಂದು ಮೀಟರ್ ಮೆದು ಕೊಳವೆ. ಸೊಂಟದೆತ್ತರಕ್ಕಿಂತ ಮೇಲೆ, ಕದಡುವ ಡ್ರಮ್ಮಿನಿಂದ ನಾಲ್ಕು ಹೆಜ್ಜೆಯಲ್ಲಿ ಇಡಿ. ಇದು ಮಾನಕದ ಘಟಕಕ್ಕೆ ಸಮ ಅಲ್ಲ. ಆದರೆ ನಿಮಿಷಕ್ಕೆ 1.5 ಲೀಟರಿನಂತೆ 15 ನಿಮಿಷಕ್ಕೆ ಬೇಕಾದ ನೀರು ಕೈಗೆಟುಕುವಲ್ಲಿ ಇರುತ್ತದೆ. ಕ್ರಿಮಿನಾಶಕದ ಹಳೆಯ ಕ್ಯಾನು ಎಷ್ಟೇ ತೊಳೆದರೂ ಇದಕ್ಕೆ ಬೇಡ.

ಹಂತ 6: ಮಳೆಗಾಲಕ್ಕೆ ಮುಂಚೆ ಟ್ಯಾಂಕು

ಮೃಗಶಿರಾ ಮಳೆ ಹಿಡಿಯುವ ಮೊದಲು ಟ್ಯಾಂಕು ಖಾಲಿಮಾಡಿ, ತಳದ ಕೆಸರು ಉಜ್ಜಿ ತೆಗೆಯಿರಿ. ಬಳಿಕ ತುಂಬಿಸಿ, 1,000 ಲೀಟರಿಗೆ 150 ಗ್ರಾಂ ಬ್ಲೀಚಿಂಗ್ ಪೌಡರನ್ನು ಬೇರೆ ಬಕೆಟಿನಲ್ಲಿ ಕದಡಿ, ತಿಳಿಯನ್ನು ಮಾತ್ರ ಹಾಕಿ. ಪೌಡರಿನಲ್ಲಿ ಶೇಕಡ 33ರಷ್ಟು ಕ್ಲೋರಿನ್ ಇದ್ದರೆ ಲೀಟರಿಗೆ ಸುಮಾರು 50 ಮಿಲಿಗ್ರಾಂ ಆಗುತ್ತದೆ. ಮಲೆನಾಡಿನ ತೇವಕ್ಕೆ ತೆರೆದಿಟ್ಟ ಪೌಡರ್ ಬೇಗ ಸತ್ವ ಕಳೆದುಕೊಳ್ಳುತ್ತದೆ. ಹಿಂದಿನ ವರ್ಷದ ಗಂಟುಕಟ್ಟಿದ ಪೊಟ್ಟಣ ಬಳಸಬೇಡಿ, ಹೊಸದು ತನ್ನಿ. ಘಟಕದ ನಾಝಲ್‌ನಲ್ಲಿ ಕ್ಲೋರಿನ್ ವಾಸನೆ ಬರುವವರೆಗೆ ನೀರು ಹರಿಸಿ ಮುಚ್ಚಿ, ರಾತ್ರಿಯಿಡೀ ಬಿಡಿ. ಆ ಹೊತ್ತಿಗೆ ಘಟಕಕ್ಕೆ "ಬಳಸಬೇಡಿ" ಫಲಕ ಹಾಕಿ, ರಾಸಾಯನಿಕದ ಕೆಲಸ ನಿಲ್ಲಿಸಿ ಅಥವಾ ಸ್ವಯಂಪೂರ್ಣ ಘಟಕವನ್ನು ತಂದಿಡಿ. ಮರುದಿನ ಎಲ್ಲ ನೀರನ್ನೂ ಹೊರಹಾಕಿ, ಹೊಸ ನೀರು ತುಂಬಿ, ನಾಝಲ್‌ನಲ್ಲಿ ವಾಸನೆ ಪೂರ್ತಿ ಹೋಗುವವರೆಗೆ ಹರಿಸಿ.

ಟ್ಯಾಂಕಿನ ಮುಚ್ಚಳ, ತುಂಬಿ ಹೆಚ್ಚಾದ ನೀರು ಹೊರಹೋಗುವ ಕೊಳವೆಯ ಬಾಯಿಗೆ ಸೊಳ್ಳೆಪರದೆ ಕಟ್ಟಿ. ಕಪ್ಪೆ, ಜಿರಳೆ, ಎಲೆ ಒಳಹೋಗುವುದು ಅಲ್ಲಿಂದಲೇ.

ಹಂತ 7: ವರ್ಷಕ್ಕೊಮ್ಮೆ ಪೂರ್ತಿ ತಪಾಸಣೆ

ಜಾಗ, ಎತ್ತರ, ಅಂತರ ಎಲ್ಲವನ್ನೂ ಟೇಪು ಹಿಡಿದು ಮತ್ತೆ ಅಳೆಯಿರಿ. ವರ್ಷದಲ್ಲಿ ಯಂತ್ರಗಳು ಜಾಗ ಬದಲಿಸಿರುತ್ತವೆ, ನೆಲ ಎತ್ತರವಾಗಿರುತ್ತದೆ. ಪೂರ್ತಿ 15 ನಿಮಿಷ ನೀರು ಬಿಟ್ಟು, ಮೊದಲ ನಿಮಿಷದಲ್ಲೂ ಕೊನೆಯ ನಿಮಿಷದಲ್ಲೂ ಬಕೆಟಿನಲ್ಲಿ ಹಿಡಿದು ಅಳೆಯಿರಿ, ಉಷ್ಣತೆಯನ್ನೂ ಬರೆದುಕೊಳ್ಳಿ. ಕೊನೆಯ ಅಳತೆ ಕುಸಿದಿದ್ದರೆ ಟ್ಯಾಂಕು ಅಥವಾ ಪಂಪು ಸಾಲುತ್ತಿಲ್ಲ. ಇದನ್ನು ಒಮ್ಮೆ ಕರೆಂಟು ತೆಗೆದೂ ಮಾಡಿ.

ಧಾರೆಯ ಹರಹು ಅಳೆಯಲು ಪಟ್ಟಿಯೊಂದನ್ನು ನೀವೇ ಮಾಡಿಕೊಳ್ಳಬಹುದು. 10 ಸೆಂಟಿಮೀಟರ್ ಉದ್ದದ ಪಾರದರ್ಶಕ ಅಕ್ರಿಲಿಕ್ ತುಂಡಿನ ನಟ್ಟನಡುವಿನಿಂದ ಎರಡೂ ಕಡೆಗೆ ಸಮನಾಗಿ, ಒಳಗಿನ ಎರಡು ಗೆರೆಗಳನ್ನು 3.2 ಸೆಂಟಿಮೀಟರ್ ಅಂತರದಲ್ಲಿ, ಹೊರಗಿನ ಎರಡನ್ನು 8.3 ಸೆಂಟಿಮೀಟರ್ ಅಂತರದಲ್ಲಿ ಎಳೆಯಿರಿ. ನಾಝಲ್‌ನಿಂದ 20 ಸೆಂಟಿಮೀಟರ್ ಒಳಗಿನ ಎತ್ತರದಲ್ಲಿ ಪಟ್ಟಿಯನ್ನು ಧಾರೆಯ ನಡುವೆ ಹಿಡಿದಾಗ, ಎರಡೂ ಕಡೆ ಒಳಗೆರೆ ಮತ್ತು ಹೊರಗೆರೆಯ ನಡುವಿನ ಜಾಗವನ್ನು ನೀರು ಮುಚ್ಚಬೇಕು. ಬೇರೆ ಬೇರೆ ಮುಖದಳತೆಯವರ ಎರಡೂ ಕಣ್ಣಿಗೆ ನೀರು ಸಿಗುತ್ತದೆ ಎಂಬುದಕ್ಕೆ ಇದೇ ಪರೀಕ್ಷೆ.

ಹಂತ 8: ಜನರಿಗೆ ಕಲಿಸಿ

ಹೊಸಬರು ಕೆಲಸಕ್ಕೆ ಸೇರಿದ ದಿನವೇ ಘಟಕದ ಹತ್ತಿರ ಕರೆದೊಯ್ದು, ಅವರ ಕೈಯಿಂದಲೇ ಹಲಗೆ ತಳ್ಳಿಸಿ. ಕನ್ನಡ ಓದಲಾರದ ಕಾರ್ಮಿಕರಿದ್ದರೆ ಚಿತ್ರದ ಫಲಕ ಬೇಕೇ ಬೇಕು. ಹೇಳಬೇಕಾದ್ದು ಇಷ್ಟು: ರಾಸಾಯನಿಕ ಬಿದ್ದ ಕೂಡಲೇ ಕೂಗಿ. ಪಕ್ಕದವರು ತೋಳು ಹಿಡಿದು ಘಟಕಕ್ಕೆ ಕರೆತನ್ನಿ. ಸುಣ್ಣದಂಥ ಪುಡಿಯಾದರೆ ಮುಖದ ಮೇಲಿನದನ್ನು ಒಣಬಟ್ಟೆಯಿಂದ ಕಣ್ಣಿನಾಚೆಗೆ ಝಾಡಿಸಿ, ಆದರೆ ಅದಕ್ಕಾಗಿ ತಡ ಮಾಡಬೇಡಿ. ಬೆರಳುಗಳಿಂದ ರೆಪ್ಪೆ ಅಗಲಿಸಿ, ಕಣ್ಣುಗುಡ್ಡೆಯನ್ನು ಮೇಲೆ ಕೆಳಗೆ ಅಕ್ಕಪಕ್ಕ ಆಡಿಸಿ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ನೀರು ಬೀಳುತ್ತಿರುವಾಗಲೇ ತೆಗೆಯಲು ನೋಡಿ. 15 ನಿಮಿಷ ಎನ್ನುವುದು ಕನಿಷ್ಠ. ಕ್ಷಾರ ಬಿದ್ದಿದ್ದರೆ ಅರ್ಧ ಗಂಟೆ, ಅದಕ್ಕಿಂತ ಹೆಚ್ಚು ತೊಳೆಯಿರಿ. ಆಮ್ಲಕ್ಕೆ ಸೋಡಾ, ಕ್ಷಾರಕ್ಕೆ ನಿಂಬೆ ಎಂಬ ಪ್ರಯೋಗ ಕಣ್ಣಿನ ಮೇಲೆ ಎಂದಿಗೂ ಬೇಡ, ಎದೆಹಾಲು, ಎಣ್ಣೆಯೂ ಬೇಡ. ಇನ್ನೊಬ್ಬರು 108ಕ್ಕೆ ಕರೆ ಮಾಡಿ. ಆಸ್ಪತ್ರೆಗೆ ಹೋಗುವಾಗ ರಾಸಾಯನಿಕದ ಸುರಕ್ಷತಾ ಮಾಹಿತಿ ಪತ್ರವನ್ನೋ ಡಬ್ಬಿಯ ಲೇಬಲ್ಲಿನ ಫೋಟೊವನ್ನೋ ಒಯ್ಯಿರಿ.

ಘಟಕ ಬಳಸಿದ ಮೇಲೆ ಬೋಗುಣಿಯಲ್ಲಿ ರಾಸಾಯನಿಕ ಉಳಿದಿರಬಹುದು. ಕೈಗವಸು ಹಾಕಿ ತೊಳೆದು, ಹೊಸ ಮುಚ್ಚಳ ಹಾಕಿ, ವಾರದ ಪರೀಕ್ಷೆಯನ್ನು ಮೊದಲಿನಿಂದ ಮಾಡಿ. ಸ್ವಯಂಪೂರ್ಣ ಘಟಕವಾದರೆ ಅದೇ ಪಾಳಿಯಲ್ಲಿ ಮತ್ತೆ ತುಂಬಿಸಿ.

ದಾಖಲೆಗೆ ಪ್ರತಿ ಘಟಕಕ್ಕೊಂದು ಸಂಖ್ಯೆ, ಅದರ ಪಕ್ಕದಲ್ಲೇ ತೂಗುವ ಒಂದು ಕಾರ್ಡು ಸಾಕು. ದಿನಾಂಕ, ಎಷ್ಟು ನಿಮಿಷ ನೀರು ಬಿಟ್ಟಿರಿ, ಕಂಡ ದೋಷ, ಸರಿಪಡಿಸಿದ ದಿನ, ಹೆಸರು ಬರೆಯಿರಿ. ಬರೀ ಸರಿ ಗುರುತು ಹಾಕುವ ಕಾರ್ಡು ಬೇಡ. ನಿಮಿಷ ಬರೆಯಬೇಕಾದಾಗ ನೀರು ಬಿಡದೆ ಸಹಿ ಹಾಕಲು ಕೈ ಹಿಂಜರಿಯುತ್ತದೆ. ಮಳೆಗಾಲದ ತೇವಕ್ಕೆ ಪೆನ್ನಿನ ಶಾಯಿ ಹರಡಿ ಅಳಿಸಿಹೋಗುವುದರಿಂದ ಪೆನ್ಸಿಲಿನಲ್ಲಿ ಬರೆಯಿರಿ, ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿಡಿ.